ವಸ್ತುಗಳ ಸೌಜನ್ಯ

ಸೌಜನ್ಯವನ್ನು ಮನುಷ್ಯರಲ್ಲಿ ಹುಡುಕುವುದು ಲೋಕದ ವಾಡಿಕೆ. ಮನೆಗೆ ಬಂದವರ ಬಾಯಾರಿಕೆಯನ್ನು ಅವರು ಬಾಯಿಬಿಟ್ಟು ಹೇಳುವ ಮೊದಲೇ ಅರಿತು ನೀರು ತಂದಿಡುವವನನ್ನು ಸುಜನನೆಂದು ಕರೆಯುವರು. ಬಂದವನನ್ನು ಹೊಸ್ತಿಲಲ್ಲಿಯೇ ನಿಲ್ಲಿಸಿ, ನೂರು ಪ್ರಶ್ನೆ ಕೇಳಿ, ಕಡೆಗೆ 'ನಾಳೆ ಬನ್ನಿ' ಎನ್ನುವವನು ದುರ್ಜನನಲ್ಲದಿದ್ದರೂ ಸುಜನನಂತೂ ಅಲ್ಲ. ಆದರೆ ಸ್ವಲ್ಪ ವಿಚಾರಮಾಡಿ ನೋಡಿದರೆ, ಜಡವೆನಿಸುವ ವಸ್ತುಗಳಲ್ಲಿಯೂ ಈ ಭೇದ ಉಂಟೆಂದು ತೋರುವುದು. ಕೈಗೆತ್ತಿಕೊಂಡೊಡನೆ ತನ್ನನ್ನು ಹೀಗೆ ಹಿಡಿಯಬೇಕೆಂದು ತಾನೇ ತಿಳಿಸಿಕೊಡುವ ವಸ್ತುಗಳಿವೆ. ಎಷ್ಟು ದಿನ ಒಡನಾಡಿದರೂ ಮುಖ ಬಿಗಿದುಕೊಂಡೇ ಇರುವ ವಸ್ತುಗಳೂ ಇವೆ. ವಸ್ತುವಿಗೆ ಮನಸ್ಸಿಲ್ಲವೆಂಬುದು ನಿಜ. ಅದನ್ನು ಮಾಡಿದವನಿಗೆ ಮನಸ್ಸುಂಟಷ್ಟೆ. ಬಳಸುವವನು ಯಾರು, ಅವನ ಕೈ ಎಂಥದು, ಕಣ್ಣು ಎಂಥದು, ಯಾವ ಅವಸರದಲ್ಲಿ ಯಾವ ಚಿಂತೆಯಲ್ಲಿ ಅವನು ಇದರ ಬಳಿಗೆ ಬರುವನು ಎಂದು ಮಾಡಿದವನು ಒಂದು ಗಳಿಗೆ ಯೋಚಿಸಿದ್ದನೋ ಇಲ್ಲವೋ ಎಂಬ ಸಂಗತಿ ವಸ್ತುವಿನ ಮೈಮೇಲೆ ಬರೆದಂತೆ ಕಾಣುತ್ತದೆ.

ಹಳೆಯ ಮನೆಗಳ ಪದಾರ್ಥಗಳಲ್ಲಿ ಈ ಸೌಜನ್ಯ ಧಾರಾಳವಾಗಿತ್ತು. ಈಳಿಗೆಮಣೆಯನ್ನೇ ನೋಡಬಹುದು. ಮಣೆಯನ್ನು ಮೆಟ್ಟಿ ಕುಳಿತವರ ಮೈಭಾರವೇ ಅದನ್ನು ಅಲುಗದಂತೆ ಹಿಡಿದಿರುವುದರಿಂದ ಎರಡು ಕೈಗಳೂ ತರಕಾರಿಗೆ ಬಿಡುವಾಗುತ್ತವೆ. ಅಲಗು ನಿಂತಲ್ಲಿಯೇ ನಿಂತಿರುತ್ತದೆ. ಬದನೆಕಾಯಿಯೇ ಅದರ ಬಳಿಗೆ ಹೋಗುತ್ತದೆ. ಕಾಫಿಯ ಲೋಟದ ಅಂಚು ಹೊರಕ್ಕೆ ಬಾಗಿರುವುದು ಬರಿಯ ಅಲಂಕಾರಕ್ಕಲ್ಲ. ಬಿಸಿ ಲೋಟವನ್ನು ಬೆರಳು ಸುಡದಂತೆ ಎತ್ತುವುದಕ್ಕೆ ಅಷ್ಟು ಅಂಚು ಬೇಕು. ಇವುಗಳನ್ನು ಬಳಸುವ ಕ್ರಮವನ್ನು ಯಾರೂ ಪುಸ್ತಕ ಓದಿ ಕಲಿತವರಲ್ಲ. ಒಮ್ಮೆ ಕಂಡರೆ ಸಾಕು, ಕೈ ತಾನಾಗಿ ಅರಿತುಕೊಳ್ಳುತ್ತದೆ.

ಚಾರ್ಲ್ಸ್ ಈಮ್ಸ್ ಮತ್ತು ರೇ ಈಮ್ಸ್ ಎಂಬ ಅಮೆರಿಕದ ದಂಪತಿಗಳು ವಿನ್ಯಾಸವಿದ್ಯೆಯಲ್ಲಿ ಹೆಸರಾಂತವರು. ಭಾರತ ಸರ್ಕಾರದ ಕೋರಿಕೆಯ ಮೇರೆಗೆ ಅವರು ಈ ದೇಶವನ್ನು ಸುತ್ತಿ, 1958ರಲ್ಲಿ ಒಂದು ವರದಿಯನ್ನು ಒಪ್ಪಿಸಿದರು. 1961ರಲ್ಲಿ ಅಹಮದಾಬಾದಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಆ ವರದಿ ತಳಹದಿಯಾಯಿತು. ಇಷ್ಟು ದೊಡ್ಡ ದೇಶದಲ್ಲಿ ತಾವು ಕಂಡ ವಸ್ತುಗಳೆಲ್ಲದರಲ್ಲಿ ಅವರು ಮೇಲಾದುದೆಂದು ಎತ್ತಿ ಹೇಳಿದ್ದು ಯಾವುದನ್ನು? ದೇವಾಲಯದ ಶಿಲ್ಪವನ್ನಲ್ಲ, ರೇಷ್ಮೆಯ ಸೀರೆಯನ್ನಲ್ಲ; ನೀರು ತರುವ ತಂಬಿಗೆಯನ್ನು. ಎಷ್ಟು ನೀರು ಹಿಡಿಯಬೇಕು, ಸೊಂಟದ ಮೇಲೆ ಹೇಗೆ ಕೂರಬೇಕು, ತುಂಬಿದಾಗಲೂ ಬರಿದಾದಾಗಲೂ ತೂಕ ಹೇಗಿರಬೇಕು, ಬಗ್ಗಿಸಿದಾಗ ಧಾರೆ ಹೇಗೆ ಬೀಳಬೇಕು, ತೊಳೆಯುವಾಗ ಕೈ ಹೇಗೆ ಒಳಗೆ ಹೋಗಬೇಕು ಎಂಬಿವೇ ಮೊದಲಾದ ಹತ್ತಾರು ಪ್ರಶ್ನೆಗಳಿಗೆ ಅದೊಂದೇ ಆಕಾರ ಉತ್ತರ ಕೊಟ್ಟಿದೆಯೆಂಬುದು ಅವರ ವಿಸ್ಮಯ. ತಂಬಿಗೆಯನ್ನು ಯಾವನೋ ಒಬ್ಬ ಜಾಣನು ಒಂದು ದಿನ ಕುಳಿತು ರೂಪಿಸಲಿಲ್ಲ. ತಲೆಮಾರು ತಲೆಮಾರುಗಳ ಕೈಗಳು ಅದನ್ನು ತಿದ್ದಿದುವು. ಹಿಡಿಯಲು ಬಾರದ ತಂಬಿಗೆಯನ್ನು ತಾಯಂದಿರು ಕೊಳ್ಳಲಿಲ್ಲ. ಆದುದರಿಂದ ಕಂಚುಗಾರನು ಅದನ್ನು ಮತ್ತೆ ಮಾಡಲಿಲ್ಲ.

ಯಂತ್ರಯುಗದಲ್ಲಿ ಈ ಸಂಬಂಧ ಕಡಿಯಿತು. ಮಾಡುವವನು ಒಂದು ಖಂಡದಲ್ಲಿ, ಬಳಸುವವನು ಇನ್ನೊಂದು ಖಂಡದಲ್ಲಿ. ಕಂಚುಗಾರನ ಅಂಗಡಿಗೆ ಹೋಗಿ 'ಇದರ ಕಂಠ ಕೈಗೆ ಒಗ್ಗುವುದಿಲ್ಲ' ಎಂದು ಹೇಳುವ ಹಾದಿ ಮುಚ್ಚಿಹೋಯಿತು. ಹಿಂದೆ ತಲೆಮಾರುಗಳು ಮಾಡುತ್ತಿದ್ದ ಕೆಲಸವನ್ನು ಈಗ ವಿಚಾರಶಕ್ತಿಯಿಂದ ಮಾಡಬೇಕಾಗಿ ಬಂದಿತು. ಹಾಗೆ ಬಂದುದರಿಂದ ಅದೊಂದು ಶಾಸ್ತ್ರವೇ ಆಯಿತು.

ಈ ಶಾಸ್ತ್ರವನ್ನು ಸಾಮಾನ್ಯ ವಾಚಕರ ಮನೆಬಾಗಿಲಿಗೆ ತಂದವರಲ್ಲಿ ಡೊನಾಲ್ಡ್ ನಾರ್ಮನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಮುಖ್ಯರು. ನಿತ್ಯಬಳಕೆಯ ವಸ್ತುಗಳ ಮನಶ್ಶಾಸ್ತ್ರವನ್ನು ಕುರಿತು 1988ರಲ್ಲಿ ಅವರು ಪ್ರಕಟಿಸಿದ ಗ್ರಂಥದಲ್ಲಿ ಬಾಗಿಲುಗಳ ಪ್ರಸ್ತಾಪ ಬರುತ್ತದೆ. ದೊಡ್ಡ ಕಟ್ಟಡಗಳ ಗಾಜಿನ ಬಾಗಿಲನ್ನು ತಳ್ಳಬೇಕಾದಲ್ಲಿ ಜನ ಎಳೆಯುವರು, ಎಳೆಯಬೇಕಾದಲ್ಲಿ ತಳ್ಳುವರು. ಬಾಗಿಲಿಗೆ ಹಿಡಿಯಿದ್ದರೆ ಕೈ ಅದನ್ನು ಎಳೆಯುವುದೇ ಸಹಜ. ಬರಿಯ ತಗಡು ಬಡಿದಿದ್ದರೆ ತಳ್ಳುವುದೇ ಸಹಜ. ತಳ್ಳಬೇಕಾದ ಬಾಗಿಲಿಗೆ ಹಿಡಿಯನ್ನಿಟ್ಟು, ಮೇಲೆ 'ತಳ್ಳಿರಿ' ಎಂದು ಬರೆದು ಅಂಟಿಸಿದರೆ, ಬಾಗಿಲು ಒಂದು ಮಾತನ್ನೂ ಬರಹ ಇನ್ನೊಂದು ಮಾತನ್ನೂ ಹೇಳಿದಂತಾಯಿತು. ಬಾಗಿಲಿನಷ್ಟು ಸರಳವಾದ ವಸ್ತುವಿಗೆ ವಿವರಣೆ ಬೇಕಾದರೆ ಅದರ ರೂಪದಲ್ಲಿಯೇ ದೋಷವಿದೆಯೆಂದು ನಾರ್ಮನ್ನರು ವಾದಿಸುವರು. ವಸ್ತುವಿನ ಆಕಾರವು ಪ್ರಾಣಿಗೆ ಒದಗಿಸಿಕೊಡುವ ಕ್ರಿಯಾವಕಾಶವನ್ನು ಹೇಳಲು ಜೇಮ್ಸ್ ಗಿಬ್ಸನ್ ಎಂಬ ವಿದ್ವಾಂಸರು ಒಂದು ಹೊಸ ಪದವನ್ನೇ ಸೃಷ್ಟಿಸಿದ್ದರು. ಕನ್ನಡದಲ್ಲಿ ಹೊಸ ಪದದ ಅಗತ್ಯವಿಲ್ಲ. 'ಒದಗು' ಎಂಬ ಹಳೆಯ ಮಾತೇ ಸಾಕು. ಮಣೆ ಕೂರುವುದಕ್ಕೆ ಒದಗುತ್ತದೆ, ಹಿಡಿ ಎಳೆಯುವುದಕ್ಕೆ ಒದಗುತ್ತದೆ.

ಬಾಗಿಲನ್ನು ತಪ್ಪಾಗಿ ತಳ್ಳಿದವನು ನಕ್ಕು ಒಳಗೆ ಹೋಗುವನು. ಎಲ್ಲ ಕಡೆಯೂ ವಿಷಯ ಅಷ್ಟು ಹಗುರವಾಗಿಲ್ಲ. ಯಾವ ತಾಲ್ಲೂಕು ಪಟ್ಟಣದಲ್ಲಿಯೂ ತಿಂಗಳ ಮೊದಲ ವಾರದಲ್ಲಿ ಕಾಣಬಹುದಾದ ಒಂದು ದೃಶ್ಯವುಂಟು. ಪಿಂಚಣಿ ತೆಗೆಯಲೆಂದು ಬಂದ ವೃದ್ಧ ಉಪಾಧ್ಯಾಯರು ಬ್ಯಾಂಕಿನ ಹಣದ ಯಂತ್ರದ ಮುಂದೆ ನಿಂತಿರುವರು. ಮೂವತ್ತು ವರ್ಷ ಬೀಜಗಣಿತವನ್ನು ಕಲಿಸಿದವರು. ಅವರಿಂದ ಕಲಿತವರಲ್ಲಿ ಇಂಜಿನಿಯರುಗಳಾದವರೂ ಉಂಟು. ಪರದೆಯ ಮೇಲೆ ಪ್ರಶ್ನೆಯೊಂದು ಮೂಡುತ್ತದೆ. ಕನ್ನಡಕವನ್ನು ಸರಿಮಾಡಿಕೊಂಡು ಅವರು ಅದನ್ನು ಓದಿ ಮುಗಿಸುವುದರೊಳಗೆ ಅದು ಮಾಯವಾಗಿ, ಹೊತ್ತು ಮೀರಿತೆಂಬ ಸೂಚನೆ ಬರುತ್ತದೆ. ಎರಡನೆಯ ಸಲವೂ ಹಾಗೆಯೇ. ಹಿಂದೆ ಸಾಲಿನಲ್ಲಿ ನಿಂತವರ ನಿಟ್ಟುಸಿರು ಬೆನ್ನಿಗೆ ತಾಗುತ್ತದೆ. ಕಡೆಗೆ ಪಕ್ಕದಲ್ಲಿದ್ದ ಅಪರಿಚಿತ ಹುಡುಗನ ಕಡೆಗೆ ತಿರುಗಿ, 'ಇದನ್ನು ಸ್ವಲ್ಪ ನೋಡಪ್ಪ. ನನಗೆ ವಯಸ್ಸಾಯಿತು, ತಲೆ ಓಡುವುದಿಲ್ಲ' ಎಂದು ಹೇಳಿ ಕಾರ್ಡನ್ನೂ ಗುಟ್ಟಿನ ಅಂಕಿಯನ್ನೂ ಅವನಿಗೆ ಒಪ್ಪಿಸಿಬಿಡುವರು.

ಇಲ್ಲಿ ನಡೆದುದೇನೆಂದು ನಿಧಾನವಾಗಿ ನೋಡಬೇಕು. ಯಂತ್ರವು ಓದುವ ಹೊತ್ತನ್ನು ಕೊಡಲಿಲ್ಲ. ದಡ್ಡತನದ ಅಪವಾದವನ್ನು ಮನುಷ್ಯರು ತಲೆಯ ಮೇಲೆ ಹೊತ್ತುಕೊಂಡರು. ಹುಡುಗನು ಒಳ್ಳೆಯವನಾಗಿದ್ದರೆ ಆ ತಿಂಗಳ ಹಣ ಮನೆ ಸೇರುವುದು. ಆದರೂ ಉಪಾಧ್ಯಾಯರು ಮನೆಗೆ ಹಿಂದಿರುಗುವಾಗ ತಮ್ಮ ವಿಷಯದಲ್ಲಿ ತಾವೇ ಇಟ್ಟುಕೊಂಡಿದ್ದ ಗೌರವದಲ್ಲಿ ಒಂದು ಪಾಲನ್ನು ಆ ಗಾಜಿನ ಪೆಟ್ಟಿಗೆಯ ಮುಂದೆ ಬಿಟ್ಟು ಬಂದಿರುವರು. ಇಂಥ ನಷ್ಟ ಯಾವ ಲೆಕ್ಕದ ಪುಸ್ತಕದಲ್ಲಿಯೂ ಏರುವುದಿಲ್ಲ. ಕೆಟ್ಟ ವಿನ್ಯಾಸದ ದೊಡ್ಡ ಕೇಡೆಂದರೆ ಇದೇ: ಅದು ತನ್ನ ತಪ್ಪನ್ನು ಬಳಸುವವನ ತಪ್ಪೆಂದು ನಂಬಿಸುತ್ತದೆ.

ಈ ಭ್ರಾಂತಿಯನ್ನು ಮೊದಲು ಒಡೆದದ್ದು ಯುದ್ಧ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬಿ-17 ಎಂಬ ದೊಡ್ಡ ವಿಮಾನಗಳು ಕ್ಷೇಮವಾಗಿ ನೆಲಕ್ಕಿಳಿದ ಮೇಲೆ ಹೊಟ್ಟೆಯ ಮೇಲೆ ಕುಸಿದುಬೀಳುತ್ತಿದ್ದುವು. ಚಾಲಕರು ರೆಕ್ಕೆಯ ಮಡಿಕೆಗಳನ್ನು ಮಡಿಸಲು ಹೋಗಿ ಚಕ್ರಗಳನ್ನು ಮಡಿಸಿಬಿಡುತ್ತಿದ್ದರು. ಚಾಲಕರ ಅಜಾಗರೂಕತೆಯೆಂದು ಬರೆದು ಕಡತವನ್ನು ಮುಚ್ಚಬಹುದಾಗಿತ್ತು. ಆಲ್ಫಾನ್ಸ್ ಚಪಾನಿಸ್ ಎಂಬ ತರುಣ ಮನಶ್ಶಾಸ್ತ್ರಜ್ಞನು ಹೋಗಿ ಚಾಲಕರ ಪೀಠದ ಎದುರಿನ ಫಲಕವನ್ನು ನೋಡಿದನು. ಚಕ್ರದ ಹಿಡಿಕೆಯೂ ಮಡಿಕೆಯ ಹಿಡಿಕೆಯೂ ಒಂದೇ ಆಕಾರದಲ್ಲಿ ಒಂದರ ಪಕ್ಕಕ್ಕೊಂದು ಇದ್ದುವು! ಆತನು ಚಕ್ರದ ಹಿಡಿಕೆಗೆ ರಬ್ಬರಿನ ಪುಟ್ಟ ಚಕ್ರವನ್ನೂ ಮಡಿಕೆಯ ಹಿಡಿಕೆಗೆ ಬೆಣೆಯಾಕಾರದ ತುಂಡನ್ನೂ ಜೋಡಿಸಿದನು. ಕತ್ತಲೆಯಲ್ಲಿಯೂ ದಣಿವಿನಲ್ಲಿಯೂ ಬೆರಳು ಎರಡನ್ನೂ ಬೇರ್ಪಡಿಸಿ ಅರಿಯಿತು. ಆ ಬಗೆಯ ಅಪಘಾತ ನಿಂತಿತು. 1947ರಲ್ಲಿ ಪಾಲ್ ಫಿಟ್ಸ್ ಮತ್ತು ರಿಚರ್ಡ್ ಜೋನ್ಸ್ ಎಂಬವರು 'ಚಾಲಕನ ತಪ್ಪು' ಎಂದು ಹೆಸರಾಗಿದ್ದ 460 ಪ್ರಸಂಗಗಳನ್ನು ವಿಂಗಡಿಸಿ ಪರೀಕ್ಷಿಸಿದರು. ಅಂಥ ತಪ್ಪುಗಳಲ್ಲಿ ಬಹುಪಾಲು ಹಿಡಿಕೆಗಳ ರೂಪದಿಂದಲೂ ಸ್ಥಾನದಿಂದಲೂ ಹುಟ್ಟಿದುವೆಂದು ತೋರಿಸಿಕೊಟ್ಟರು.

ಸ್ಥಾನದ ವಿಷಯವನ್ನು ತಿಳಿಯಲು ವಿಮಾನದವರೆಗೆ ಹೋಗಬೇಕಾಗಿಲ್ಲ. ಅಡುಗೆಮನೆಯ ಗ್ಯಾಸ್ ಒಲೆ ಸಾಕು. ನಾಲ್ಕು ಉರಿಗಳು ಚೌಕವಾಗಿರುತ್ತವೆ. ಅವನ್ನು ತಿರುಗಿಸುವ ಗುಂಡಿಗಳು ಮುಂದೆ ಸಾಲಾಗಿರುತ್ತವೆ. ಹಿಂದಿನ ಎಡಗಡೆಯ ಉರಿಗೆ ಮೊದಲನೆಯ ಗುಂಡಿಯೋ ಎರಡನೆಯದೋ? ಹತ್ತು ವರ್ಷ ಅಡುಗೆ ಮಾಡಿದ ಗೃಹಿಣಿಯೂ ಅವಸರದಲ್ಲಿ ಹಾಲಿನ ಉರಿಯನ್ನು ತಗ್ಗಿಸಲು ಹೋಗಿ ಸಾರಿನ ಉರಿಯನ್ನು ಆರಿಸುವಳು. ಗುಂಡಿಗಳನ್ನೂ ಉರಿಗಳ ಹಾಗೆಯೇ ಚೌಕವಾಗಿ ಇಟ್ಟಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಕೋಣೆಯ ಗೋಡೆಯ ಮೇಲೆ ಒಂದೇ ಬಣ್ಣದ ಆರು ಸ್ವಿಚ್ಚುಗಳು ಸಾಲಾಗಿರುವುದೂ ಇದೇ ಬಗೆ. ಫ್ಯಾನು ಬೇಕಾದ ನೆಂಟರು ಮೊದಲು ಅಂಗಳದ ದೀಪವನ್ನು ಹಚ್ಚಿ, ಬಳಿಕ ಇದ್ದ ದೀಪವನ್ನು ಆರಿಸಿ, ಕತ್ತಲೆಯಲ್ಲಿ ನಿಂತು ಮನೆಯವರನ್ನು ಕೂಗಿ ಕರೆಯುವರು. ಎಲ್ಲಿ ಏನಿದೆಯೋ ಅದರಂತೆ ಅದರ ಹಿಡಿಕೆಯೂ ಇರಬೇಕೆಂಬುದು ಈ ಶಾಸ್ತ್ರದ ಎರಡನೆಯ ಸೂತ್ರವೆನ್ನಬಹುದು.

ಮೂರನೆಯದು, ಕೇಳಿದ್ದಕ್ಕೆ ಮರುಮಾತು ಕೊಡುವುದು. ಕರೆದರೆ ಓಗೊಡದವನನ್ನು ಕನ್ನಡಿಗರು ಬಿಂಕದವನೆನ್ನುವರು. ಗುಂಡಿಯನ್ನೊತ್ತಿದ ಮೇಲೆ ಕೆಲಸ ಆಯಿತೋ ಇಲ್ಲವೋ ಹೇಳದ ಯಂತ್ರವೂ ಅದೇ ಜಾತಿಯದು. ಆಗದುದನ್ನು ಆಯಿತೆಂದು ಹೇಳುವ ಯಂತ್ರವಂತೂ ಅಪಾಯಕರವೇ ಸರಿ. 1979ರ ಮಾರ್ಚಿ 28ರ ಬೆಳಗಿನ ಜಾವ, ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣುವಿದ್ಯುತ್ ಸ್ಥಾವರದಲ್ಲಿ ಒಂದು ಕವಾಟ ತೆರೆದು, ಮುಚ್ಚಿಕೊಳ್ಳದೆ ಸಿಕ್ಕಿಕೊಂಡಿತು. ಫಲಕದ ಮೇಲಿನ ದೀಪ ಆರಿದುದನ್ನು ಕಂಡು ಕೆಲಸಗಾರರು ಅದು ಮುಚ್ಚಿತೆಂದು ನಂಬಿದರು. ಆ ದೀಪವು ಮುಚ್ಚೆಂಬ ಆಜ್ಞೆ ಹೋಯಿತೆಂಬುದನ್ನು ಮಾತ್ರ ತಿಳಿಸುವಂತೆ ಜೋಡಿಸಲ್ಪಟ್ಟಿತ್ತು. ಕವಾಟ ನಿಜವಾಗಿ ಮುಚ್ಚಿತೇ ಎಂಬುದನ್ನು ಅದು ಅರಿಯದು. ಎರಡು ಗಂಟೆಗೂ ಮೀರಿ ತಂಪುನೀರು ಸೋರಿಹೋಗಿ ಅಣುಗರ್ಭದ ಅರ್ಧದಷ್ಟು ಕರಗಿತು. ಅಲ್ಲಿನ ಕೆಲಸಗಾರರು ಏಕೆ ತಪ್ಪಿದರೆಂದು ವಿಚಾರಿಸಲು ಕರೆಯಲ್ಪಟ್ಟವರಲ್ಲಿ ಮೇಲೆ ಹೇಳಿದ ನಾರ್ಮನ್ನರೂ ಒಬ್ಬರು. ತಪ್ಪು ಮಾಡಿಸುವುದಕ್ಕೆಂದೇ ಹೂಡಿದಂತಿದ್ದ ಫಲಕವನ್ನು ಕಂಡು ಅವರಿಗೆ ಈ ವಿಚಾರದಲ್ಲಿ ಆಸಕ್ತಿ ಬೇರೂರಿತು. ಇದಕ್ಕೆ ಎದುರಾಗಿ, ಇಂದಿನ ಸಂತೆಯಲ್ಲಿ ಸೊಪ್ಪು ಮಾರುವ ಹೆಂಗಸಿನ ಬುಟ್ಟಿಯ ಪಕ್ಕದಲ್ಲಿರುವ ಪುಟ್ಟ ಪೆಟ್ಟಿಗೆಯನ್ನು ನೋಡಿರಿ. ಗಿರಾಕಿಯು ಫೋನಿನಿಂದ ಹಣ ಕಳುಹಿಸಿದೊಡನೆ ಇಷ್ಟು ರೂಪಾಯಿ ಬಂದಿತೆಂದು ಅದು ಕನ್ನಡದಲ್ಲಿಯೇ ಕೂಗಿ ಹೇಳುತ್ತದೆ. ಆಕೆ ತಕ್ಕಡಿಯಿಂದ ಕೈ ತೆಗೆಯಬೇಕಾಗಿಲ್ಲ, ಓದು ಬರಬೇಕಾಗಿಲ್ಲ, ಯಾರ ಮಾತನ್ನೂ ನಂಬಬೇಕಾಗಿಲ್ಲ.

ನಾಲ್ಕನೆಯದು ಕ್ಷಮೆ. ಮರೆವೂ ಕೈತಪ್ಪೂ ಮನುಷ್ಯಸ್ವಭಾವ. ಅವನ್ನು ಮೊದಲೇ ಲೆಕ್ಕಕ್ಕೆ ಹಿಡಿದ ವಸ್ತುವೇ ಸಜ್ಜನ ವಸ್ತು. ಹಣದ ಯಂತ್ರವು ಹಣವನ್ನು ಮೊದಲು ಕೊಟ್ಟರೆ, ಬಂದ ಕೆಲಸ ಮುಗಿಯಿತೆಂಬ ಭಾವನೆಯಿಂದ ಜನರು ಕಾರ್ಡನ್ನು ಅಲ್ಲಿಯೇ ಮರೆತು ಹೊರಡುವರು. ಇದನ್ನರಿತು ಹಲವು ಯಂತ್ರಗಳಲ್ಲಿ ಕಾರ್ಡನ್ನು ಮೊದಲು ಹಿಂದಿರುಗಿಸಿ ಆ ಬಳಿಕ ಹಣ ಕೊಡುವ ಕ್ರಮವನ್ನಿಟ್ಟರು. ಲಂಡನ್ನಿನ ಎನ್‌ಫೀಲ್ಡಿನಲ್ಲಿ 1967ರಲ್ಲಿ ಸ್ಥಾಪಿತವಾದ ಹಣದ ಯಂತ್ರವನ್ನು ರೂಪಿಸಿದ ಜಾನ್ ಶೆಫರ್ಡ್-ಬ್ಯಾರನ್ನರು ಹುಟ್ಟಿದ್ದು ಈ ದೇಶದ ಷಿಲ್ಲಾಂಗಿನಲ್ಲಿ. ಗುಟ್ಟಿನ ಅಂಕಿ ಆರು ಇರಬೇಕೆಂದು ಅವರು ಎಣಿಸಿದ್ದರಂತೆ. ಅಡುಗೆಮನೆಯ ಮೇಜಿನ ಬಳಿ ಕುಳಿತು ಹೆಂಡತಿಯನ್ನು ಕೇಳಲಾಗಿ, ತನ್ನ ನೆನಪಿನಲ್ಲಿ ನಾಲ್ಕೇ ನಿಲ್ಲುವುವೆಂದು ಆಕೆ ಹೇಳಿದರೆಂದೂ, ಅದರಿಂದ ನಾಲ್ಕೇ ನಿಂತಿತೆಂದೂ ಅವರೇ ಹೇಳಿಕೊಂಡಿರುವರು. ಗಂಡಸರ ಲೆಕ್ಕಾಚಾರವನ್ನು ಅಡುಗೆಮನೆಯಲ್ಲಿ ತಿದ್ದುವುದು ಕನ್ನಡ ಮನೆಗಳಿಗೂ ಹೊಸತಲ್ಲ.

ಇವೆಲ್ಲ ಸೂತ್ರಗಳೂ ಒಂದೆಡೆ ಒರೆಗೆ ಬೀಳುವುದು ಪ್ರಜೆಯು ಮತ ಕೊಡುವ ಗಳಿಗೆಯಲ್ಲಿ. ವಿದ್ಯಾವಂತನಿಗೂ ಅವಿದ್ಯಾವಂತನಿಗೂ, ಮುದುಕಿಗೂ ತರುಣನಿಗೂ ಒಂದೇ ವಸ್ತು ಅಲ್ಲಿ ಒದಗಬೇಕು, ಪಕ್ಕದವರನ್ನು ಕೇಳುವಂತಿಲ್ಲ, ತಪ್ಪಿದರೆ ಐದು ವರ್ಷ ತಿದ್ದುವಂತಿಲ್ಲ.

2000ದ ನವೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಚುನಾವಣೆ ನಡೆಯಿತು. ಫ್ಲಾರಿಡಾ ಸಂಸ್ಥಾನದ ಪಾಮ್ ಬೀಚ್ ಎಂಬ ಜಿಲ್ಲೆಯಲ್ಲಿ ವೃದ್ಧರು ಬಹಳ. ಅವರ ಕಣ್ಣಿಗೆ ತೊಂದರೆಯಾಗಬಾರದೆಂಬ ಒಳ್ಳೆಯ ಉದ್ದೇಶದಿಂದಲೇ ಅಲ್ಲಿಯ ಅಧಿಕಾರಿಗಳು ಅಕ್ಷರಗಳನ್ನು ದಪ್ಪವಾಗಿ ಅಚ್ಚುಹಾಕಿಸಿದರು. ಹೆಸರುಗಳು ಒಂದು ಪುಟದಲ್ಲಿ ಹಿಡಿಯದೆ ಎದುರುಬದುರು ಎರಡು ಪುಟಗಳಿಗೆ ಹರಡಿದುವು. ಚುಚ್ಚಬೇಕಾದ ರಂಧ್ರಗಳ ಸಾಲು ಮಾತ್ರ ನಡುವೆ ಒಂದೇ ಇತ್ತು. ಎಡಪುಟದಲ್ಲಿ ಮೊದಲು ಬುಷ್, ಎರಡನೆಯದಾಗಿ ಗೋರ್. ಬಲಪುಟದಲ್ಲಿ ಮೊದಲು ಬುಕ್ಯಾನನ್. ರಂಧ್ರಗಳ ಸಾಲಿನಲ್ಲಾದರೋ ಮೊದಲನೆಯದು ಬುಷ್ಷರದು, ಎರಡನೆಯದು ಬುಕ್ಯಾನನ್ನರದು, ಮೂರನೆಯದು ಗೋರರದು. ಎಡಪುಟದಲ್ಲಿ ಎರಡನೆಯ ಹೆಸರನ್ನು ಕಂಡವರು ಎರಡನೆಯ ರಂಧ್ರವನ್ನು ಚುಚ್ಚುವುದು ಸ್ವಾಭಾವಿಕವಲ್ಲವೆ? ಆ ಜಿಲ್ಲೆಯಲ್ಲಿ ಬುಕ್ಯಾನನ್ನರಿಗೆ 3,407 ಮತಗಳು ಬಂದುವು. ಅವುಗಳಲ್ಲಿ ಬಹಳಷ್ಟು ತನಗೆ ಸೇರಬೇಕಾದುವಲ್ಲವೆಂದು ಅವರೇ ಒಪ್ಪಿಕೊಂಡರು. ತಪ್ಪನ್ನು ತಿದ್ದಲು ಹೋಗಿ ಎರಡೆರಡು ರಂಧ್ರ ಚುಚ್ಚಿದುದರಿಂದ ಹತ್ತೊಂಬತ್ತು ಸಾವಿರಕ್ಕೂ ಮೇಲ್ಪಟ್ಟ ಚೀಟಿಗಳು ಅಸಿಂಧುವಾದುವು. ಇಡೀ ಸಂಸ್ಥಾನದಲ್ಲಿ ಗೆಲುವಿನ ಅಂತರ 537 ಮತಗಳು. ಆ ಸಂಸ್ಥಾನದ ಗೆಲುವಿನಿಂದಲೇ ಅಧ್ಯಕ್ಷ ಪದವಿ ನಿರ್ಧಾರವಾಯಿತು. ಕರುಣೆಯಿಂದ ಹೊರಟ ವಿನ್ಯಾಸವೂ ಪರೀಕ್ಷೆಗೊಳಗಾಗದಿದ್ದರೆ ಎಲ್ಲಿಗೆ ಮುಟ್ಟುವುದೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಾಗಿಲ್ಲ.

ಭಾರತದ ಮೊದಲನೆಯ ಮಹಾಚುನಾವಣೆ 1951-52ರಲ್ಲಿ ನಡೆದಾಗ ಮತದಾರರ ಸಂಖ್ಯೆ ಸುಮಾರು 17 ಕೋಟಿ 30 ಲಕ್ಷ. ಅವರಲ್ಲಿ ಬಹುಮಂದಿಗೆ ಓದು ಬಾರದು. ಸುಕುಮಾರ ಸೇನರ ಮೇಲ್ವಿಚಾರಣೆಯಲ್ಲಿ ಚುನಾವಣಾ ಆಯೋಗವು ಅಕ್ಷರವನ್ನೇ ಬಿಟ್ಟು ಚಿತ್ರವನ್ನು ಹಿಡಿಯಿತು. ಒಬ್ಬೊಬ್ಬ ಉಮೇದುವಾರರಿಗೆ ಒಂದೊಂದು ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಎತ್ತಿನ ಜೋಡಿಯೋ ಗುಡಿಸಲೋ ಯಾವುದೋ ಒಂದು ಗುರುತು. ಬರೆಯುವುದಿಲ್ಲ, ಗುರುತು ಹಾಕುವುದಿಲ್ಲ. ಬೇಕಾದ ಪೆಟ್ಟಿಗೆಯಲ್ಲಿ ಚೀಟಿಯನ್ನು ಹಾಕಿದರಾಯಿತು. ಹಳ್ಳಿಯ ರೈತನಿಗೆ ಗೊತ್ತಿದ್ದುದರ ಮೇಲೆಯೇ ರಾಜ್ಯಶಾಸ್ತ್ರದ ಹೊಸ ಕಟ್ಟಡವನ್ನೆಬ್ಬಿಸಿದರು. ಒಬ್ಬರೇ ಎರಡು ಸಲ ಬರದಂತೆ ಬೆರಳಿಗೆ ಹಚ್ಚುವ ಅಳಿಸಲಾರದ ಶಾಯಿಯನ್ನು 1962ರಿಂದ ತಯಾರಿಸಿ ಕೊಡುತ್ತಿರುವುದು ಮೈಸೂರಿನ ಬಣ್ಣ ಮತ್ತು ಅರಗಿನ ಕಾರ್ಖಾನೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ 1937ರಲ್ಲಿ ಅದು ಹುಟ್ಟಿತು.

ಮುಂದೆ ವಿದ್ಯುನ್ಮಾನ ಯಂತ್ರ ಬಂದಿತು. 1982ರಲ್ಲಿ ಕೇರಳದ ಪರವೂರು ಕ್ಷೇತ್ರದ 50 ಮತಗಟ್ಟೆಗಳಲ್ಲಿ ಮೊದಲ ಪ್ರಯೋಗ ನಡೆಯಿತು; 2004ರ ಲೋಕಸಭಾ ಚುನಾವಣೆಯಲ್ಲಿ 543 ಕ್ಷೇತ್ರಗಳಲ್ಲಿಯೂ ಇದೇ ಬಳಕೆಯಾಯಿತು. ಇದನ್ನು ಮಾಡುವ ಎರಡು ಸರ್ಕಾರಿ ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಒಂದು. ಈ ಯಂತ್ರವನ್ನು ಕುರಿತ ಬೇರೆ ವಾದವಿವಾದಗಳು ಏನೇ ಇರಲಿ, ಅದರ ಮುಖವನ್ನು ಮಾತ್ರ ಇಲ್ಲಿ ನೋಡಿದರೆ ಸಾಕು. ಹೆಸರು, ಗುರುತು, ಗುಂಡಿ ಮೂರೂ ಒಂದೇ ಅಡ್ಡಸಾಲಿನಲ್ಲಿವೆ. ಪಾಮ್ ಬೀಚಿನ ಗೊಂದಲಕ್ಕೆ ಎಡೆಯಿಲ್ಲ. ಗುಂಡಿ ನೀಲಿಯಾಗಿ ಎದ್ದು ಕಾಣುತ್ತದೆ. ಒತ್ತಿದೊಡನೆ ಕೆಂಪು ದೀಪ ಹೊತ್ತಿ, ದೀರ್ಘವಾದ ನಾದವೊಂದು ಕೇಳಿಸುತ್ತದೆ. ಕಣ್ಣಿಲ್ಲದವರಿಗೆಂದು ಬ್ರೈಲ್ ಅಂಕಿಗಳುಂಟು. 2013ರಲ್ಲಿ ನಾಗಾಲ್ಯಾಂಡಿನ ನೋಕ್ಸೆನ್ ಉಪಚುನಾವಣೆಯಲ್ಲಿ ಮೊದಲ ಬಾರಿ ಬಳಕೆಗೆ ಬಂದ ಜೋಡಿಯಂತ್ರವು, ಕೊಟ್ಟ ಮತದ ಅಚ್ಚಿನ ಚೀಟಿಯನ್ನು ಗಾಜಿನ ಹಿಂದೆ 7 ಸೆಕೆಂಡು ತೋರಿಸುತ್ತದೆ. ಒದಗುವುದು, ಸ್ಥಾನ, ಮರುಮಾತು ಮೂರೂ ಅಲ್ಲಿ ಕೂಡಿವೆ. ಒಂದು ದಿನವೂ ಶಾಲೆಗೆ ಹೋಗದ ಅಜ್ಜಿಯು ಆ ಮರೆಯೊಳಗೆ ಒಬ್ಬಳೇ ಹೋಗಿ, ಯಾರ ಹಂಗೂ ಇಲ್ಲದೆ ತನ್ನ ಕೆಲಸ ಮುಗಿಸಿ, ಸೆರಗು ಸರಿಮಾಡಿಕೊಂಡು ಹೊರಬರುವಳು. ಬ್ಯಾಂಕಿನ ಯಂತ್ರದ ಮುಂದೆ ಬಿ.ಎ. ಆದವರಿಗೆ ದೊರೆಯದ ಸ್ವಾತಂತ್ರ್ಯ ಆಕೆಗೆ ಅಲ್ಲಿ ದೊರೆಯಿತು.

ಗೊತ್ತಿದ್ದುದರ ಮೇಲೆ ಕಟ್ಟಬೇಕೆಂಬ ಈ ತತ್ತ್ವಕ್ಕೆ ಕನ್ನಡದ ಕೀಲಿಮಣೆಯೂ ಸಾಕ್ಷಿ. ಹಳೆಯ ಬೆರಳಚ್ಚು ಯಂತ್ರದಲ್ಲಿ ಅಕ್ಷರದ ಮೈ, ತಲೆಕಟ್ಟು, ಗುಣಿತದ ಕೊಂಬು, ಒತ್ತು ಇವನ್ನು ಬಿಡಿಬಿಡಿಯಾಗಿ ಒತ್ತಿ ಕೂಡಿಸಬೇಕಾಗಿತ್ತು. ಅದಕ್ಕೆ ತಿಂಗಳುಗಟ್ಟಲೆ ಅಭ್ಯಾಸ ಬೇಕು. ಗಣಕಯಂತ್ರ ಬಂದಾಗ, ಮಂಗಳೂರಿನ ಬಳಿಯ ಕಿನ್ನಿಕಂಬಳದವರಾದ ಕೆ. ಪಿ. ರಾಯರು ಬೇರೊಂದು ದಾರಿ ಹಿಡಿದರು. ಅಕ್ಷರದ ಆಕಾರವನ್ನು ಯಂತ್ರವೇ ನೋಡಿಕೊಳ್ಳಲಿ. ಮನುಷ್ಯನು ಉಚ್ಚಾರವನ್ನು ಮಾತ್ರ ಹೇಳಲಿ ಎಂಬುದು ಅವರ ವಿನ್ಯಾಸದ ತಿರುಳು. ವ್ಯಂಜನವನ್ನೊತ್ತಿ ಸ್ವರವನ್ನೊತ್ತಿದರೆ ಗುಣಿತಾಕ್ಷರ ತಾನೇ ಮೂಡುವುದು. ಐದು ವರ್ಷದ ಮಗುವಾಗಿದ್ದಾಗ ಬಾಯಿಪಾಠ ಮಾಡಿದ ಕಾಗುಣಿತವೇ ಇಲ್ಲಿ ಬಂಡವಾಳ. ಕರ್ನಾಟಕ ಸರ್ಕಾರವು ಒಪ್ಪಿಕೊಂಡ, 'ನುಡಿ' ತಂತ್ರಾಂಶದಲ್ಲಿ ಬಳಕೆಗೆ ಬಂದ ಕೀಲಿಮಣೆಗೆ ಇದೇ ಆಧಾರವಾಯಿತು. ಮನುಷ್ಯನು ಯಂತ್ರದ ಭಾಷೆಯನ್ನು ಕಲಿಯುವ ಬದಲು ಯಂತ್ರವೇ ಕಾಗುಣಿತ ಕಲಿತು ಬಂದಿತು.

ಇಷ್ಟಾದರೂ, ಎಲ್ಲವೂ ಸುಲಭವಾಗಲೇಬೇಕೇ ಎಂದು ಕೇಳುವವರುಂಟು. ಕೇಳುವುದು ನ್ಯಾಯವೂ ಹೌದು. ವೀಣೆಯನ್ನು ಯಾರೂ ಒಂದು ದಿನದಲ್ಲಿ ಕಲಿಯಲಾರರು. ಸುಲಭಗೊಳಿಸಲೆಂದು ಅದರ ಮೆಟ್ಟಿಲುಗಳನ್ನು ಕಿತ್ತು ನಾಲ್ಕು ಗುಂಡಿಗಳನ್ನಿಟ್ಟರೆ ವೀಣೆ ಉಳಿಯದು. ಆದರೆ ವೀಣೆಯ ಕಷ್ಟ ಸಂಗೀತದ ಕಷ್ಟ. ಅದನ್ನು ಪಟ್ಟಷ್ಟೂ ಫಲವುಂಟು. ಬ್ಯಾಂಕಿನ ಪರದೆಯೊಡನೆ ಪಟ್ಟ ಪಾಡಿನಿಂದ ಯಾರ ಬುದ್ಧಿಯೂ ಬೆಳೆಯುವುದಿಲ್ಲ. ಮೊದಲನೆಯದು ತಪಸ್ಸು, ಎರಡನೆಯದು ಬರಿಯ ಕಾಟ. ಇವೆರಡನ್ನೂ ಬೇರ್ಪಡಿಸುವ ವಿವೇಕವು ವಿನ್ಯಾಸಕಾರನಿಗೆ ಇರಬೇಕು.

ಸೌಜನ್ಯದ ಸೋಗು ಹಾಕಿದ ವಸ್ತುಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರಿಕೆ ಬೇಕು. ಫೋನಿನ ಅಂಗಡಿಗಳಲ್ಲಿ ಕೊಳ್ಳುವ ಗುಂಡಿ ಅಂಗೈಯಗಲ; ಬೇಡವೆನ್ನುವ ಅಕ್ಷರ ಸಾಸಿವೆಯಷ್ಟು. ಚಂದಾದಾರನಾಗಲು ಒಂದು ಹೆಜ್ಜೆ, ಬಿಡಲು ಹತ್ತು ಹೆಜ್ಜೆ. ಕೇಳದ ಸರಕೊಂದು ಬುಟ್ಟಿಯೊಳಗೆ ತಾನಾಗಿ ಬಂದು ಕುಳಿತಿರುತ್ತದೆ. ಇದು ದಾರಿತೋರುವ ನೆಪದಲ್ಲಿ ಜೇಬಿಗೆ ಕೈಹಾಕುವವನ ವಿನಯ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ನಿಯಮಾವಳಿಯಲ್ಲಿ ಇಂಥ 13 ಬಗೆಯ ತಂತ್ರಗಳನ್ನು ಹೆಸರಿಸಿ ನಿಷೇಧಿಸಿದೆ. ಮನುಷ್ಯನ ಮರೆವನ್ನೂ ಅವಸರವನ್ನೂ ಬಲ್ಲ ವಿದ್ಯೆ ಒಂದೇ. ಅದನ್ನು ಸುಜನನು ಕಾಯುವುದಕ್ಕೆ ಬಳಸುವನು, ವಂಚಕನು ಸುಲಿಯುವುದಕ್ಕೆ.

ಹಾಗಾದರೆ ಒಳ್ಳೆಯ ವಸ್ತುವನ್ನು ಮಾಡುವ ಬಗೆ ಹೇಗೆ? ಬಲ್ಲವರೆಲ್ಲ ಒಪ್ಪುವ ಉಪಾಯ ಒಂದುಂಟು. ಅದು ಹೇಳಲು ಸುಲಭ, ನಡೆಸಲು ಕಷ್ಟ. ಮಾಡಿದುದನ್ನು ಅದನ್ನೆಂದೂ ಕಾಣದವರೊಬ್ಬರ ಕೈಗೆ ಕೊಟ್ಟು, ಪಕ್ಕದಲ್ಲಿ ಬಾಯಿಮುಚ್ಚಿಕೊಂಡು ಕುಳಿತು ನೋಡಬೇಕು. ಎಲ್ಲಿ ಅವರ ಬೆರಳು ತಡೆಯಿತೋ ಅಲ್ಲಿ ದೋಷವಿದೆ. 'ಹಾಗಲ್ಲ, ಹೀಗೆ' ಎಂದು ಹೇಳಿಕೊಡುವ ಚಪಲ ಬಂದರೆ, ಆ ಮಾತನ್ನು ವಸ್ತುವೇ ಏಕೆ ಹೇಳಲಿಲ್ಲವೆಂದು ತನ್ನನ್ನು ತಾನೇ ಕೇಳಿಕೊಳ್ಳಬೇಕು. ಈ ಪರೀಕ್ಷೆಗೆ ದುಡ್ಡು ಬೇಡ. ಅಹಂಕಾರವನ್ನು ಬದಿಗಿಟ್ಟರೆ ಸಾಕು.

ಮಾಡುವವರಿಗೆ ಈ ನಿಯಮವಾದರೆ, ಮನೆಗಳಿಗೂ ಒಂದುಂಟು. ಹೊಸ ಫೋನನ್ನು ಹಿಡಿದು ತಡವರಿಸುವ ತಂದೆಯ ಕೈಯಿಂದ ಅದನ್ನು ಕಿತ್ತುಕೊಂಡು, 'ಕೊಡಿ, ನಿಮಗೆ ತಿಳಿಯುವುದಿಲ್ಲ' ಎಂದು ಒಂದು ಕ್ಷಣದಲ್ಲಿ ಕೆಲಸ ಮುಗಿಸಿ ಹಿಂದಿರುಗಿಸುವುದು ಇಂದಿನ ಮಕ್ಕಳ ರೂಢಿ. ಕೆಲಸವೇನೋ ಆಗುವುದು, ಆದರೆ ವಸ್ತುವಿನ ಅವಿನಯಕ್ಕೆ ಮಕ್ಕಳ ಅವಿನಯವೂ ಸೇರಿದಂತಾಗುವುದು. 'ಇದನ್ನು ಮಾಡಿದವರು ಸರಿಯಾಗಿ ಮಾಡಿಲ್ಲ, ಅಪ್ಪ. ಎಲ್ಲಿ ಸಿಕ್ಕಿತು, ತೋರಿಸಿ' ಎಂದು ಪಕ್ಕದಲ್ಲಿ ಕುಳಿತರೆ, ಹೆಚ್ಚೆಂದರೆ ಎರಡು ನಿಮಿಷ ತಡವಾದೀತು. ಸರಿಯಾದ ಯಂತ್ರಗಳು ಬರುವವರೆಗೆ, ವಸ್ತು ತೋರದ ಮರ್ಯಾದೆಯನ್ನು ಮನೆಯವರಾದರೂ ತೋರುವುದು ಉಚಿತ.